ನಡುಗಿದ್ದು ನನ್ನ ಕೈಯಲ್ಲ!

"ಉಜ್ವಲಾ, ನಿಮ್ಮ ಕೈ ನಡಗಾಕತ್ತಾವಲ್ರಿ! ಹೆದರೀರೇನ?"

ಪಕ್ಕದ ಸೀಟಿನಲ್ಲಿದ್ದ ಸಂಗ್ರಾಮ ನಕ್ಕೇಬಿಟ್ಟ.

ನಿಪ್ಪಾಣಿ ಹೈವೇಯಲ್ಲಿ ವೇಗ ತೊಂಬತ್ತು ಮುಟ್ಟಿತ್ತು. ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಉಜ್ವಲಾ ಕಾರನ್ನು ಪಕ್ಕಕ್ಕೆ ಹಾಕಿದಳು.

"ನಡಗೂದು ಕೈ ಅಲ್ರಿ, ಕಾರು!"

ಅವನು ಅವಳನ್ನು ನೋಡಲು ಅಥಣಿಯಿಂದ ಬಂದಿದ್ದ ಗಂಡು. ಮಾತಾಡುವುದಿದ್ದರೆ ನನ್ನ ಕಾರಿನಲ್ಲೇ ಎಂದು ಹಟ ಹಿಡಿದು ಕರೆತಂದವಳು ಅವಳು. ದಿನಾ ಚಿಕ್ಕೋಡಿಯಿಂದ ನಿಪ್ಪಾಣಿಯ ಲ್ಯಾಬಿನ ಕೆಲಸಕ್ಕೆ ತಾನೇ ಕಾರು ಓಡಿಸಿಕೊಂಡು ಹೋಗುವವಳಿಗೆ ಈ ಮಾತೇ?

'ಇವನ ಕಣ್ಣು ಎಷ್ಟು ಚೆಂದ ಅಂದುಕೊಂಡಿದ್ದೆ... ಬಾಯಿ ನೋಡಿದರೆ ಹೀಗೆ!'

ಮನೆಗೆ ಬಂದ ಮೇಲೂ ಅವನು ಅದೇ ಚೇಷ್ಟೆ ಮಾಡಿದ. ಅಪ್ಪ ಮುರಗೆಪ್ಪ ಮಾತ್ರ ನಗಲಿಲ್ಲ. ಗಂಡಿನ ಕಡೆಯವರು ಹೊರಟಿದ್ದೇ ತಡ, ಕಾರಿನ ಚಾವಿ ಅಪ್ಪನ ಕಿಸೆ ಸೇರಿತು.

"ದಸರಾದಿಂದ ಕಾರು ನಡಗತೈತಿ ಅಂತಿದ್ದಿ. ಈಗ ತಿಳೀತು, ನಡಗಾಕಿ ನೀನ! ಇನ್ನ ಬಸ್ಸಿಗೆ ಹೋಗು."

ಉಜ್ವಲಾಳ ಕಣ್ಣು ತುಂಬಿದವು. ಆದರೆ ಅಳುವ ಜಾತಿಯಲ್ಲ ಅವಳು. ನೇರವಾಗಿ ಸಂಗ್ರಾಮನಿಗೇ ಫೋನು ಮಾಡಿದಳು.

"ನಾಳೆ ಬರ್ರಿ. ಯಾರ ಕೈ ನಡಗತಾವ ನೋಡೂಣು. ಸೋತ್ರ ಕಾರು ಬಿಡ್ತೀನಿ. ಗೆದ್ರ... ನಿಮ್ಮನ್ನ ಬಿಡ್ತೀನಿ!"

ಅವನು ಬಂದ. ಒಂದು ಸಲಕ್ಕೆಂದು ಅಪ್ಪನಿಂದ ಚಾವಿ ಇಸಿದುಕೊಂಡು, ಸಂಗ್ರಾಮನನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ಅಪ್ಪನನ್ನು ಹಿಂದಿನ ಸೀಟಿಗೆ ಹತ್ತಿಸಿದಳು. ಅರವತ್ತರವರೆಗೆ ಕಾರು ಸುಮ್ಮನಿತ್ತು. ತೊಂಬತ್ತಕ್ಕೆ ಶುರುವಾಯಿತು, ಗಡಗಡ ಗಡಗಡ!

"ಯಾಕ್ರಿ, ಹೆದರೀರೇನ?"

ಸಂಗ್ರಾಮ ಎರಡೂ ಕೈಯಿಂದ ಸ್ಟೇರಿಂಗ್ ಬಿಗಿಹಿಡಿದ.

"ಈಗ ನಿಧಾನ ಬ್ರೇಕ್ ಹಾಕ್ರಿ. ನಡುಕ ಹೆಚ್ಚಾತೇನು? ಇಲ್ಲಲ್ಲಾ? ಅಂದ್ರ ಬ್ರೇಕಿಂದಲ್ಲ. ನನಗ ಗಾಲೀದ ಸಂಶಯ."

ಹೈವೇ ಪಕ್ಕದ ಟೈರ್ ಅಂಗಡಿಯಲ್ಲಿ ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದಳು. ಈ ಸಲ ತಾನೇ ಓಡಿಸಿದಳು. ಎಪ್ಪತ್ತು... ಎಂಬತ್ತು... ತೊಂಬತ್ತು. ಸ್ಟೇರಿಂಗ್ ಅಲುಗಲಿಲ್ಲ!

ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಅಯ್ಯಯ್ಯೋ! ನನ್ನ ಸೀಟ ನಡಗಾಕತ್ತೈತಲೇ!"

"ಗಾಲಿ ಹಿಂದ ಬಂದುವು ಅಪ್ಪಾ, ನಡುಕಾನೂ ಹಿಂದ ಬಂತು."

ಅಂಗಡಿಗೆ ಮರಳಿ ಆ ಎರಡು ಗಾಲಿ ಬಿಚ್ಚಿಸಿದರು. ಒಳಗಡೆ ತೂಕ ಸರಿದೂಗಿಸಲು ಅಂಟಿಸಿರುವ ಸೀಸದ ಪಟ್ಟಿಗಳೇ ಇರಲಿಲ್ಲ, ಬರೀ ಅಂಟಿನ ಗುರುತು. ಅದನ್ನು ನೋಡಿದ ಮುರಗೆಪ್ಪನ ಮುಖ ಸಣ್ಣದಾಯಿತು.

"ದಸರಾದಾಗ ಖಂಡೇನವಮಿ ಪೂಜಾಕ್ಕ ನಿನ್ನ ಕಾರು ಫಳಫಳ ಹೊಳೀಲಿ ಅಂತ... ಹೊಲಸ ಅಂತ ತಿಳದು ಕುಡಗೋಲಿಂದ ಕೆತ್ತಿ ಒಗದೆ. ಮುಂದಿನ ಎರಡ ಗಾಲಿ ತಿಕ್ಕೂದ್ರಾಗ ಸೊಂಟ ಹಿಡೀತು, ಹಿಂದಿನವು ಉಳದುವು. ಮಾಡಿದಾಂವ ನಾ, ಬೈಸಿಕೊಂಡಾಕಿ ನೀ..."

ಕಾರಿನಿಂದ ಚಾವಿ ತೆಗೆದು ಮಗಳ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದ. ಆಗ ಮಾತ್ರ ಉಜ್ವಲಾ ಅತ್ತಳು.

ಹೊಸ ಪಟ್ಟಿ ಅಂಟಿಸಿಕೊಂಡು ಹೊರಟರು. ಓಡಿಸಿದವಳು ಉಜ್ವಲಾ, ಪಕ್ಕದಲ್ಲಿ ಸಂಗ್ರಾಮ. ತೊಂಬತ್ತರಲ್ಲೂ ಕಾರು ಅಲುಗಾಡಲಿಲ್ಲ. ಅಪ್ಪ ಹಿಂದೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಶುರು ಮಾಡಿದ್ದ.

"ಗೆದ್ದೀರಿ," ಸಂಗ್ರಾಮ ಮೆಲ್ಲಗೆ ಅಂದ. "ಹಂಗಾದ್ರ... ನನ್ನ ಬಿಡ್ತೀರಿ?"

"ಮಾತು ಕೊಟ್ಟೀನಲ್ರಿ!"

"ನಗಿಸಾಕ ಅಂದೆ ಉಜ್ವಲಾ. ನಿಮ್ಮ ಚಾವಿ ಹೋಗತೈತಿ ಅಂತ ಗೊತ್ತಿದ್ರ ನಾಲಿಗಿ ಕಚ್ಚಿಕೋತಿದ್ದೆ. ತಪ್ಪಾತು. ಕಾರು ನಿಲ್ಲಿಸಿ ಜಗಳಕ್ಕ ನಿಂತ್ರಲ್ಲ, ಆಗ್ಲೇ ನನ್ನ ಜೀವ ನಿಮ್ಮ ಕಡೆ ಬಂತು."

ಅವಳಿಗೆ ನಗು ಉಕ್ಕಿ ಬಂತು. ದನಿಯಲ್ಲಿ ಮಾತ್ರ ತೋರಗೊಡಲಿಲ್ಲ.

"ಮದುವಿ ಮುಗಿಸಿ ಅಥಣಿಗೆ ಹೋಗೂಮುಂದ ಕಾರು ಯಾರು ಓಡಸೋರು?"

"ನೀವ!"

"ನೀವು?"

"ಬಾಜೂ ಸೀಟಿನ್ಯಾಗ. ನೋಡ್ರಿ, ಈಗ ಖರೇನ ನನ್ನ ಕೈ ನಡಗಾಕತ್ತಾವ..."

ರಸ್ತೆಯಿಂದ ಕಣ್ಣು ತೆಗೆಯದೆ ಉಜ್ವಲಾ ಎಡಗೈ ಚಾಚಿದಳು.

"ಹಿಡಕೋರಿ. ಗೇರ್ ಬದಲಸೂಮುಂದ ಬಿಡಬೇಕ ಮತ್ತ!"