ಬಾಯಿ ಬಿಗಿಹಿಡಿದವಳು

ಹಳೆಯ ಚಿತ್ರಗಳ ಕೊಳೆ ತೆಗೆಯುವ ನಮ್ಮ ಕಸುಬಿನಲ್ಲಿ ಎಂಜಲಿಗಿಂತ ಒಳ್ಳೆಯ ಔಷಧವಿಲ್ಲ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಚಿತ್ರದ ಮೇಲೆ ಮೆಲ್ಲಗೆ ಹೊರಳಿಸುತ್ತೇವೆ. ಒಮ್ಮೆ ಬಳಸಿದ ಹತ್ತಿಯನ್ನು ಮತ್ತೆ ಬಾಯಿಗಿಡಬಾರದು, ಅಷ್ಟೇ.

ಅಂದು ಮಧ್ಯಾಹ್ನ ನನ್ನ ಮುಂದಿದ್ದದ್ದು ಎಲ್ಲರೂ ಬಲ್ಲ ಚಿತ್ರ: ಖಾಲಿ ಮೇಜಿನ ಮುಂದೆ ಕುಳಿತ ಹೆಂಗಸು, ಮುಚ್ಚಿದ ತುಟಿಯಲ್ಲಿ ಸಣ್ಣ ನಗು. ನಾನು ಕೆಲಸ ಮಾಡುವ ಚಿತ್ರಶಾಲೆಯಲ್ಲೇ ಬಂದವರಿಗೆ ಚಿತ್ರಗಳನ್ನು ವಿವರಿಸುವ ಕೆಲಸ ನನ್ನ ಅತ್ತಿಗೆಯದು.

"ಬೇಗ ಮುಗ್ಸಪ್ಪ, ಮೂರು ಗಂಟೆಗೆ ಜನ ಬರ್ತಾರೆ. ದುಃಖ ನುಂಗ್ಕೊಂಡು ನಗ್ತಿದಾಳೆ ಅಂತ ಹೇಳೋಕಾದ್ರೂ ಆ ತುಟಿ ಕಾಣ್ಬೇಡ್ವಾ?" ಎಂದು ಹೋದರು.

ಚಿತ್ರದಾಕೆಯ ತುಟಿ ಒರೆಸಿದೆ. ಹತ್ತಿ ನಾನು ಹಚ್ಚಿದ್ದಕ್ಕಿಂತ ಒದ್ದೆಯಾಗಿ, ಬೆಚ್ಚಗೆ ಹಿಂದಕ್ಕೆ ಬಂತು. ಒಣಬಟ್ಟೆ ಒತ್ತಿದೆ, ತುಟಿಯ ಸಂದಿಯಲ್ಲಿ ಮತ್ತೆ ಜಿನುಗಿತು. ಗಡಿಬಿಡಿಯಲ್ಲಿ ಅದೇ ಹತ್ತಿಯನ್ನು ನಾಲಿಗೆಗಿಟ್ಟುಕೊಂಡುಬಿಟ್ಟೆ.

ಯಾರೋ ಅಗಿದು, ನುಂಗಲಾರದೆ, ಬಹಳ ದಿನ ದವಡೆಯಲ್ಲಿಟ್ಟುಕೊಂಡ ತುತ್ತಿನ ಹುಳಿನಾತ. ಆಕೆಯ ಮುಖದ ಅರ್ಥ ನನಗೆ ಆಗ ಹೊಳೆಯಿತು. ಉಗುಳಲು ಜಾಗ ಸಿಗದೆ ಬಾಯಿ ಬಿಗಿಹಿಡಿದಿದ್ದಾಳೆ, ಅಷ್ಟೇ.

ನಲ್ಲಿಗೆ ಓಡಿ ಉಗುಳಿದೆ, ಸೋಪು ಹಾಕಿ ನಾಲಿಗೆ ತಿಕ್ಕಿದೆ. ಮರಳಿ ಬರುವಷ್ಟರಲ್ಲಿ ಅತ್ತಿಗೆ ಜನರೊಂದಿಗೆ ಚಿತ್ರದ ಮುಂದೆ ನಿಂತಿದ್ದರು.

"ದುಃಖ ಎಲ್ಲಿದೆ ಮೇಡಂ?" ಎಂದರು ಒಬ್ಬ ಮುದುಕರು. "ಎಷ್ಟು ನಿರಾಳವಾಗಿ ಬಾಯಿ ಬಿಟ್ಕೊಂಡು ಕೂತಿದಾಳೆ."

ಅತ್ತಿಗೆ ನನ್ನತ್ತ ತಿರುಗಿದರು. "ಏನು ಮಾಡ್ದೆಯೋ ಇದಕ್ಕೆ? ಮತ್ತೆ ಯಾಕೋ ಹಾಗೆ ತುಟಿ ಬಿಗಿದು ನಗ್ತಿದೀಯ?"

ನಾನು ಬಾಯಿ ತೆರೆಯುವಂತಿರಲಿಲ್ಲ. ಅದಾಗಲೇ ಮತ್ತೆ ತುಂಬಿತ್ತು, ಬೆಚ್ಚಗೆ.