ಆಕಾಶದಿಂದ ಬೀಳದ ತುಂಡು

ಝಳಕಿಯ ತೊಗರಿ ಗೋದಾಮಿನಲ್ಲಿ ಕಾವಲುಗಾರ ಸೋಮನಿಂಗ ಸತ್ತು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಫ್ಯಾನಿನ ರೆಕ್ಕೆಯಂಥ, ರಕ್ತ ಮೆತ್ತಿದ ಲೋಹದ ಅಲಗು. ಮೇಲೆ ತಗಡಿನ ಚಾವಣಿಯಲ್ಲಿ ತೂತು.

"ಎರಡು ಗಂಟೆಕ ವಿಮಾನದ ಇಂಜಿನ್ ಒಡದು ತುಂಡು ಬಿತ್ರಿ. ಕಣ್ಣಾರೆ ನೋಡೇನಿ," ಎಂದ ಮಾಲೀಕ ಶ್ರೀಶೈಲಪ್ಪ. ಅವನು ಒರೆಸಿಕೊಂಡ ಕಣ್ಣು ಒಣಗಿಯೇ ಇತ್ತು.

ವಿಮಾನದ ಮಾತು ಸುಳ್ಳಲ್ಲ. ಮುಂಬೈಗೆ ಹೊರಟಿದ್ದ ವಿಮಾನದ ಎಡ ಇಂಜಿನ್ ಇದೇ ಇಂಡಿ ಸೀಮೆಯ ಮೇಲೆ ಕೆಟ್ಟು, ಅದು ಹೈದರಾಬಾದಿಗೆ ಮರಳಿದ್ದು ಆಗಲೇ ಸುದ್ದಿಯಾಗಿತ್ತು. ನಾಲ್ಕು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ಫರಹತ ಬಂದಾಗ ಟಿ.ವಿ. ವರದಿಗಾರನೊಬ್ಬ ಬಾಗಿಲಲ್ಲಿ ನಿಂತು, ಪೈಲಟ್ ಕಾವೇರಿಯನ್ನು ಕೊಲೆಗಾರ್ತಿ ಎಂದು ಅರಚುತ್ತಿದ್ದ. ಫರಹತ ಅವನನ್ನು ಚಪ್ಪಲಿಗಂಟಿದ ಹೊಲಸಿನಂತೆ ನೋಡಿ ಒಳಗೆ ಹೋದಳು.

ಹೆಣ ಕಾಲ್ಬೆರಳಿನವರೆಗೂ ಸೆಟೆದಿತ್ತು. ಎರಡೇ ತಾಸಿನಲ್ಲಿ ಅಷ್ಟು ಸೆಟೆಯುವುದುಂಟೇ?

ಅಲಗು ಗುಜರಿ ವ್ಯಾಪಾರಿ ನಿಜಾಮುದ್ದೀನನ ಅಂಗಡಿಯದಿರಬೇಕು ಎಂದು ಪೇದೆ ಯುನೂಸ ಶಂಕಿಸಿದ. ಆದರೆ ನಿಜಾಮುದ್ದೀನ ದಿನವಿಡೀ ಸಿಂದಗಿ ಸಂತೆಯಲ್ಲಿದ್ದ. ಅಲಗಿನ ಫೋಟೋ ನೋಡಿ ಅವನು ಮೂಗು ಮುರಿದ. "ತುಕ್ಕ ಎಲ್ಲೈತ್ರಿ ಇದಕ್ಕ? ನಿನ್ನಿ ತನಕ ತಿರುಗಿದ್ದು ಇದು."

* * *

ಫರಹತ ಕಾವೇರಿಗೆ ಫೋನ್ ಮಾಡಿದಳು. ಕಾವೇರಿಯ ದನಿ ದಣಿದಿತ್ತು, ನಡುಗುತ್ತಿರಲಿಲ್ಲ. ಇಂಜಿನ್ ಅದುರತೊಡಗಿದಾಗ ವೇಗ ಇಳಿಸಿದ್ದಳು. ಅದುರುವುದು ನಿಲ್ಲಲಿಲ್ಲ. ಇಂಧನ ನಿಲ್ಲಿಸಿ ಅದನ್ನು ಆರಿಸಿ, ಸಹಪೈಲಟ್‌ನೊಡನೆ ಸೂಚನಾ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಒಂದೇ ಇಂಜಿನ್ನಿನಲ್ಲಿ ನೂರರವತ್ತು ಜನರನ್ನು ನೆಲಕ್ಕೆ ತಂದಿದ್ದಳು.

"ಮುರಿದ ಅಲಗು ಇಂಜಿನ್ನಿನ ಕವಚದೊಳಗೇ ಸಿಕ್ಕಿದೆ, ಮೇಡಂ. ಹೊರಗೆ ಚೂರೂ ಬಿದ್ದಿಲ್ಲ. ನಮ್ಮದು ಟೈಟಾನಿಯಮ್, ಅಯಸ್ಕಾಂತಕ್ಕೆ ಅಂಟುವುದೂ ಇಲ್ಲ."

* * *

ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಜನ ಸೇರಿದ್ದರು. ಕಾಳಿನೊಳಗಿನ ಮೊಳೆ ಹೆಕ್ಕುವ ಅಯಸ್ಕಾಂತವನ್ನು ಫರಹತ ಅಲಗಿನ ಹತ್ತಿರ ಹಿಡಿದಳು. ಟಕ್ಕನೆ ಅಂಟಿತು. ಗೋದಾಮಿನ ಹಿಂದಿದ್ದ ಶ್ರೀಶೈಲಪ್ಪನದೇ ಬೇಳೆ ಗಿರಣಿಯಲ್ಲಿ ಹೊಟ್ಟು ತೂರುವ ಗಾಳಿಯಂತ್ರ ಬಿಚ್ಚಿಸಿದಳು. ನಾಲ್ಕು ಅಲಗುಗಳಲ್ಲಿ ಒಂದಿರಲಿಲ್ಲ. ಮುರುಕು ಕೂಡಿಸಿದರೆ ಸರಿಯಾಗಿ ಕೂತಿತು.

ಶ್ರೀಶೈಲಪ್ಪ ತೊಗರಿ ಬೇಳೆಗೆ, ತಿಂದವರ ಕಾಲು ಊನ ಮಾಡುವ ಅಗ್ಗದ ಕೇಸರಿ ಬೇಳೆ ಬೆರೆಸುವುದನ್ನು ಅಧಿಕಾರಿಗಳಿಗೆ ಹೇಳಲು ಸೋಮನಿಂಗ ನಿನ್ನೆ ಇಂಡಿಗೆ ಹೊರಟಿದ್ದನೆಂದು ಅವನ ಹೆಂಡತಿ ರೇವವ್ವ ತಿಳಿಸಿದ್ದಳು. ನಿನ್ನೆ ಬೆಳಿಗ್ಗೆಯೇ ಅವನನ್ನು ಹೊಡೆದು ಕೊಂದು, ಹೆಣವನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಿದ್ದ ಶ್ರೀಶೈಲಪ್ಪನಿಗೆ, ಮಧ್ಯಾಹ್ನ ಆಕಾಶದಲ್ಲಿ ನೆಪ ಸಿಕ್ಕಿತ್ತು. ತಗಡು ತೂತು ಮಾಡಿ, ಅಲಗು ಮುರಿದು ರಕ್ತ ಮೆತ್ತಿ ಇಟ್ಟಿದ್ದ. ಕೀಲಿಕೈ ಇದ್ದದ್ದು ಅವನೊಬ್ಬನ ಬಳಿ.

"ಸಿಟ್ಟಿನ್ಯಾಗ ಆತ್ರಿ," ಎಂದು ಅವನು ಗೊಣಗಿದ.

"ಚಾವಣಿ ಏರಿದ್ದೂ ಸಿಟ್ಟಿನ್ಯಾಗ ಏನು? ನೂರರವತ್ತು ಜೀವ ಉಳಿಸಿದಾಕಿ ಕೊಳ್ಳಿಗಿ ಹೆಣ ಕಟ್ಟಾಕ ಹೊಂಟಿದ್ದಿ. ಥೂ," ಎಂದಳು ಫರಹತ.

ವರದಿಗಾರ ಮೈಕ್ ಚಾಚಿದ. ಯುನೂಸ ಅದನ್ನು ಕಿತ್ತುಕೊಂಡ.

ರೇವವ್ವ ಮುಂದೆ ಬಂದಳು. "ಆ ಪೈಲಟ್ ಅಕ್ಕಗ ಫೋನ್ ಹಚ್ಚಿ ಕೊಡ್ರಿ ಮೇಡಂ. ರಾತ್ರೆಲ್ಲಾ ಆಕಿಗಿ ಶಾಪ ಹಾಕೇನಿ."