ಅರ್ಧ ದಾರಿಯ ಭಾನುವಾರಗಳು

ಹಿತ್ತಲಿನಿಂದ ನಗು ಕೇಳಿಸಿತು.

ಪಿಕಪ್ ನಿಲ್ಲಿಸಿ ಇಳಿಯುತ್ತಿದ್ದ ಜಾಹಿದ್ ಒಂದು ಕಾಲು ನೆಲಕ್ಕಿಟ್ಟು ಹಾಗೇ ನಿಂತ. ಅದು ಅವನ ಹೆಂಡತಿ ಆಸ್ಫಿಯಾಳ ನಗು. ಮಂಗಳೂರು ಬಿಟ್ಟು ಹಾಸನದ ಹತ್ತಿರದ ಆಲೂರಿಗೆ ಬಂದು ಎಂಟು ತಿಂಗಳಾಗಿತ್ತು. ಈ ಮನೆಯಲ್ಲಿ ಒಮ್ಮೆಯೂ ಅವಳು ಹೀಗೆ ನಕ್ಕಿರಲಿಲ್ಲ.

ಸದ್ದು ಮಾಡದೆ ಹಿತ್ತಲ ಬಾಗಿಲಿಗೆ ಹೋಗಿ ನೋಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಅವಳು ತುಳುವಿನಲ್ಲಿ ಮಾತಾಡುತ್ತಿದ್ದಳು. ಐದು ವರ್ಷ ಮಂಗಳೂರಿನಲ್ಲಿದ್ದರೂ ಅವನಿಗೆ ತುಳು ಅಲ್ಲೊಂದು ಇಲ್ಲೊಂದು ಮಾತಷ್ಟೇ ತಿಳಿಯುತ್ತಿತ್ತು. ಕೊನೆಯ ಮಾತು ಮಾತ್ರ ಸರಿಯಾಗಿ ತಿಳಿಯಿತು. ನಗು ನಿಲ್ಲಿಸಿ ಅವಳು ಮೆಲ್ಲಗೆ, "ಯಾನ್ ಬರ್ಪುಜಿ" ಎಂದಳು. ನಾನು ಬರುವುದಿಲ್ಲ.

"ಯಾರೇ ಅದು ಫೋನಲ್ಲಿ?"

ಅವಳು ಬೆಚ್ಚಿ ಎದ್ದಳು. "ಯಾರೂ ಇಲ್ಲ. ರಾಂಗ್ ನಂಬರ್."

ರಾಂಗ್ ನಂಬರಿನ ಜೊತೆ ಯಾರು ಹಾಗೆ ನಗುತ್ತಾರೆ? ಅವನು ಕೇಳಲಿಲ್ಲ. ತನ್ನ ಹೆಂಡತಿಯನ್ನು ಯಾರೋ ಕರೆಯುತ್ತಿದ್ದಾರೆ, ಆ ಯಾರೋ ಅವಳನ್ನು ನಗಿಸಬಲ್ಲರು. ಎರಡನೆಯದೇ ಹೆಚ್ಚು ಚುಚ್ಚಿತು.

ಅವಳನ್ನು ಅವನು ಮೊದಲು ಕಂಡದ್ದು ಮಂಗಳೂರಿನ ಧಕ್ಕೆಯಲ್ಲಿ, ಮೀನಿನ ದೋಣಿಗಳು ಬಂದು ನಿಲ್ಲುವ ಬಂದರಿನಲ್ಲಿ. ಆಗ ಅವನು ಹಾಸನಕ್ಕೆ ಮೀನು ಸಾಗಿಸುವ ಲಾರಿಯ ಡ್ರೈವರ್. ಅವಳು ಮೀನು ಕಂಪನಿಯಲ್ಲಿ ಮಾಲು ಪರೀಕ್ಷಿಸುವವಳು. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಬಲೆಗೆ ಬಿದ್ದು ಎಷ್ಟು ಗಂಟೆಯಾಯಿತೆಂದು ಹೇಳುತ್ತಿದ್ದಳು. ಅವನ ಲಾರಿ ಹತ್ತಿ ಐಸ್ ಕೆದಕಿ, "ಇಷ್ಟು ಐಸಲ್ಲಿ ಘಾಟಿ ಹತ್ತಿದ್ರೆ ಹಾಸನದವರಿಗೆ ಗೊಬ್ಬರ ಸಿಗೂದು, ಮೀನಲ್ಲ" ಎಂದಿದ್ದಳು.

"ಐಸ್ ಸಾಕಷ್ಟು ಐತೆ ಮೇಡಂ."

"ಐತೆ ಅಂದ್ರೆ ಆಗೂದಿಲ್ಲ, ಉಂಟಾ?"

ಅವಳ ಮನೆಮಾತು ಬ್ಯಾರಿ, ಅವನದು ಉರ್ದು. ಇಬ್ಬರಿಗೂ ಸೇರಿ ಇದ್ದದ್ದು ಕನ್ನಡ, ಅದೂ ಎರಡು ಥರದ್ದು. ಐತೆ, ಉಂಟು ಎಂದು ಜಗಳವಾಡುತ್ತಲೇ ವರ್ಷದೊಳಗೆ ನಿಕಾಹ್ ಆಯಿತು.

ಮಂಗಳೂರಿನ ಕುದ್ರೋಳಿಯಲ್ಲಿ ಬಾಡಿಗೆಗೆ ಹಿಡಿದದ್ದು ಒಂದೇ ಕೋಣೆ. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಗೋಡೆಗೆ ಒರಗಬೇಕು. ಅವಳು ಚಹಾ ಸೋಸುವಾಗ ಅವನು ಬೇಕೆಂದೇ ದಾಟುತ್ತಿದ್ದ. "ಸೈಡ್ ಕೊಡಿ ಮೇಡಂ, ಲೋಡ್ ಗಾಡಿ." ಅವಳು ತಿರುಗದೆ, ಕಣ್ಣಂಚಿನಲ್ಲಷ್ಟೇ ನೋಡಿ, "ಮೊದ್ಲು ಹಾರ್ನ್ ಹಾಕಿ" ಎನ್ನುತ್ತಿದ್ದಳು.

ಆ ಕಟ್ಟಡವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದೆಂದಾಯಿತು. ಹೊಸ ಮನೆ ಹುಡುಕಿ ಹುಡುಕಿ ಸೋತರು. ಸುತ್ತ ಎಲ್ಲಿಯೂ ಅವರ ಕೈಗೆಟಕುವ ಬಾಡಿಗೆ ಇರಲಿಲ್ಲ. ಅಷ್ಟರಲ್ಲಿ ಆಲೂರಿನಿಂದ ಅಣ್ಣ ಜಬ್ಬಾರ್ ಫೋನ್ ಮಾಡಿದ. ಎಸ್ಟೇಟುಗಳಿಂದ ಕಾಫಿ ಸಾಗಿಸುವ ಕೆಲಸ ಐತೆ, ಪಿಕಪ್ ತಗೋ, ಅಲ್ಲಿನ ಕೋಣೆಯ ಬಾಡಿಗೆಗೆ ಇಲ್ಲಿ ಮೂರು ಮನೆ ಸಿಗ್ತವೆ ಎಂದ. ಆಸ್ಫಿಯಾ ಒಂದೇ ಪ್ರಶ್ನೆ ಕೇಳಿದ್ದಳು: "ಅಡಿಗೆಮನೆಗೆ ಕಿಟಕಿ ಉಂಟಾ?"

ಕಿಟಕಿ ಇತ್ತು. ಹಜಾರ, ಎರಡು ಕೋಣೆ, ಹಿತ್ತಲು ಎಲ್ಲ ಇತ್ತು. ಮನೆಯ ಒಡತಿ ಸುಲೋಚನಮ್ಮ ಒಳ್ಳೆಯವರು. ಆದರೆ ಆಸ್ಫಿಯಾಗೆ ಆ ಊರಲ್ಲಿ ಮಾಡಲು ಏನೂ ಇರಲಿಲ್ಲ. ಒಂದು ಭಾನುವಾರ ಮೀನಿನ ಅಂಗಡಿಯಲ್ಲಿ ಕಿವಿರು ಎತ್ತಿ ನೋಡಿ, "ಇದು ಮೂರು ದಿನದ್ದು" ಎಂದಳು. ಅಂಗಡಿಯವನು, "ಬೇಕಾದ್ರೆ ತಗಳಮ್ಮ, ಇಲ್ದಿದ್ರೆ ಹೋಗು. ನನ್ನ ಗಿರಾಕಿ ಕೆಡುಸ್ಬ್ಯಾಡ" ಎಂದು ಎಲ್ಲರೆದುರು ಗದರಿದ. ಜಾಹಿದ್ ನಕ್ಕು ಅವಳ ಕೈ ಹಿಡಿದು ಕರೆತಂದ. ತಾನು ಅಂದು ನಗಬಾರದಿತ್ತೆಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ಅವಳು ಆಮೇಲೆ ಮನೆಗೆ ಮೀನನ್ನೇ ತರಿಸಲಿಲ್ಲ. ದಿನವೆಲ್ಲ ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದಳು. ಅವನು ಬಂದರೆ ಊಟಕ್ಕೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಒಬ್ಬರನ್ನೊಬ್ಬರು ಮುಟ್ಟದೆ ಇಡೀ ದಿನ ಓಡಾಡುವಷ್ಟು ಜಾಗ ಆ ಮನೆಯಲ್ಲಿತ್ತು.

ಫೋನಿನ ಗುಟ್ಟು ಎರಡು ದಿನದಲ್ಲಿ ಬಯಲಾಯಿತು. ಅವಳ ಹಳೆಯ ಸಹೋದ್ಯೋಗಿ ಆಶಾ ನೇರವಾಗಿ ಅವನಿಗೇ ಫೋನ್ ಮಾಡಿದಳು.

"ಜಾಹಿದಣ್ಣ, ನೀವಾದ್ರೂ ಅವಳಿಗೆ ಹೇಳಿ ಮಾರಾಯ್ರೆ. ನಮ್ಮ ಕಂಪನಿಯಲ್ಲೇ ಸೂಪರ್‌ವೈಸರ್ ಕೆಲಸ. ಉಳ್ಕೊಳ್ಳಿಕ್ಕೆ ಲೇಡೀಸ್ ಹಾಸ್ಟೆಲಲ್ಲಿ ಒಂದು ಮಂಚ ಉಂಟು. ಕೇಳಿದ್ರೆ ಬರೂದಿಲ್ಲ ಅಂತಾಳೆ."

"ಒಂದೇ ಮಂಚಾನಾ?" ಎಂದ ಜಾಹಿದ್. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಹೆಂಡತಿಗೆ ಹೇಳದೆ ಎರಡು ದಿನ ಮಂಗಳೂರಿಗೆ ಹೋಗಿ ಮನೆ ಹುಡುಕಿದ. ಕೇಳಿದ ಅಡ್ವಾನ್ಸಿಗೆ ಪಿಕಪ್ಪನ್ನೇ ಮಾರಬೇಕಿತ್ತು. ಮಾರಿದರೆ ದುಡಿಯುವುದು ಯಾವುದರಲ್ಲಿ? ಆ ಊರಿನಲ್ಲಿ ಅವಳೊಬ್ಬಳಿಗೆ ಜಾಗವಿತ್ತು, ಇಬ್ಬರಿಗೆ ಇರಲಿಲ್ಲ.

ಬಂದವನೇ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಹೋಗು ಕಣೆ" ಎಂದ.

ಅವಳು ಸೌಟು ಕೆಳಗಿಟ್ಟಳು. "ಎಲ್ಲಿಗೆ?"

"ಆಶಾ ಎಲ್ಲಾ ಹೇಳಿದ್ಲು."

"ನಾನು ಇಲ್ಲ ಅಂದಾಗಿದೆ."

"ಆವತ್ತು ಹಿತ್ಲಲ್ಲಿ ನೀನು ನಗ್ತಿದ್ದೆ. ನಾನು ಕೇಳುಸ್ಕಂಡೆ. ಆ ನಗೂನ ಇಲ್ಲಿ ಕೂಡ್ಹಾಕಿ ಸಾಯಿಸಕ್ಕೆ ನನ್ ಕೈಲಿ ಆಗಲ್ಲ."

"ನನ್ನನ್ನು ಕಳಿಸಿ ನೀವೆಂತ ಮಾಡ್ತೀರಿ? ಈ ಮನೆಯಲ್ಲಿ ಒಬ್ರೇ?"

"ಕಾಫಿ ಲೋಡ್ ಹೊಡೀತೀನಿ. ಭಾನುವಾರ ನಿನ್ ನೋಡಕ್ಕೆ ಬತ್ತೀನಿ."

ಅವಳು ಹತ್ತಿರ ಬಂದು ಅವನ ಅಂಗಿಯ ಗುಂಡಿ ಹಿಡಿದು ತುಂಬ ಹೊತ್ತು ನಿಂತಳು. ಬೇಡವೆನ್ನುತ್ತಾಳೆಂದು ಅವನು ಕಾದ. ಕೊನೆಗೆ ಅವಳು ಅವನ ಎದೆಗೆ ಹಣೆಯಿಟ್ಟು ಅತ್ತಳು. ಆದರೆ ಬೇಡವೆನ್ನಲಿಲ್ಲ.

ಹಾಸ್ಟೆಲಿನ ಗೇಟಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಅವಳು ಆಲೂರಿಗೆ ಬಂದರೆ ಒಂದು ದಿನದ ರಜೆ ಬಸ್ಸಿನಲ್ಲೇ ಮುಗಿಯುತ್ತಿತ್ತು. ಹಾಗಾಗಿ ಭಾನುವಾರಗಳಂದು ಅರ್ಧ ದಾರಿಯಲ್ಲಿ ಸೇರುವುದೆಂದಾಯಿತು. ಅವಳು ಬಸ್ಸಿನಲ್ಲಿ ಘಾಟಿ ಹತ್ತಿ ಹೆಗ್ಗದ್ದೆಯಲ್ಲಿ ಇಳಿಯುತ್ತಿದ್ದಳು. ಅವನು ಪಿಕಪ್ಪನ್ನು ಲಕ್ಕಯ್ಯನ ಟೀ ಅಂಗಡಿಯ ಪಕ್ಕ ನಿಲ್ಲಿಸಿ ಕಾಯುತ್ತಿದ್ದ. ಕ್ಯಾಬಿನ್ನಿನಲ್ಲಿ ಪಕ್ಕಪಕ್ಕ ಕೂತು ಅವಳು ತಂದ ಹುರಿದ ಮೀನು, ಅವನು ತಂದ ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಆಮೇಲೆ ಅವಳು ಅವನ ಭುಜಕ್ಕೊರಗಿ ನಿದ್ದೆಹೋಗುತ್ತಿದ್ದಳು. ಘಾಟಿ ಇಳಿಯುವ ಬಸ್ ಬರುವವರೆಗೆ ಎರಡು ಗಂಟೆ. ಅವನು ಅಲುಗಾಡುತ್ತಲೂ ಇರಲಿಲ್ಲ.

ಐದು ತಿಂಗಳು ಹೀಗೇ ನಡೆಯಿತು. ಜನವರಿಯಲ್ಲಿ ಕಾಫಿ ಕೊಯ್ಲು ಜೋರಾಗಿ ಅವನಿಗೆ ಎರಡು ಭಾನುವಾರ ಬರಲಾಗಲಿಲ್ಲ. ಮೂರನೆಯ ಭಾನುವಾರ ಬಂದಾಗ ಅವಳು ನಿದ್ದೆ ಮಾಡಲಿಲ್ಲ.

"ಮುಂದಿನ ತಿಂಗಳಿಂದ ನಂಗೆ ಭಾನುವಾರ ರಜೆ ಇಲ್ಲ" ಎಂದಳು. "ಯಾವ ದಿನ ಕೊಡ್ತಾರೆ ಅಂತ ಮೊದ್ಲೇ ಹೇಳೂದಿಲ್ಲ."

ಅವನು ಸ್ಟಿಯರಿಂಗ್ ನೋಡುತ್ತಲೇ ಕೇಳಿದ: "ಸಮುದ್ರ ಹೆಂಗೈತೆ?"

"ನೋಡ್ಲಿಲ್ಲ."

"ಧಕ್ಕೇಲೇ ಕೆಲ್ಸ ಮಾಡ್ತೀಯ!"

"ನಾವು ಸಂಜೆ ಹೋಗಿ ಕೂತ್ಕೊಳ್ತಿದ್ದ ಕಡೆಗೆ ಹೋಗ್ಲಿಲ್ಲ. ಅಲ್ಲಿ ಹೋದ್ರೆ ನೀವು ಪಕ್ಕದಲ್ಲಿ ಇಲ್ಲ ಅಂತ ಗೊತ್ತಾಗ್ತದೆ. ಕೆಲಸದಲ್ಲಿದ್ರೆ ಗೊತ್ತಾಗೂದಿಲ್ಲ."

"ಆಸ್ಫಿಯಾ..."

ಅವಳು ತಟ್ಟನೆ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಕರೀಬೇಡಿ. ನೀವು ಕರೆದ್ರೆ ನಾನು ಬಂದೇ ಬರ್ತೇನೆ. ಬಂದು ಮತ್ತೆ ಆ ಹಿಂದಿನ ಕೋಣೆಯಲ್ಲಿ ಕೂತ್ಕೊಳ್ತೇನೆ. ಆಗ ನಿಮ್ಮ ಮೇಲೆ ಇಷ್ಟು ಪ್ರೀತಿ ಉಳಿಯೂದಿಲ್ಲ. ಈಗ ಉಂಟು. ತುಂಬ ಉಂಟು."

ಅವನು ಅವಳ ಅಂಗೈಗೆ ಮುತ್ತಿಟ್ಟ. ಕರೆಯಲಿಲ್ಲ.

ಬಸ್ ಬಂತು. ಅವಳು ಓಡಿ ಹತ್ತಿದಳು. ಕಿಟಕಿಯ ಸೀಟು ಸಿಗದೆ ಜನರ ನಡುವೆ ನಿಂತಳು. ತಿರುವಿನಲ್ಲಿ ಬಸ್ ಮರೆಯಾಗುವವರೆಗೂ ಅವಳ ಮುಖ ಅವನಿಗೆ ಕಾಣಲೇ ಇಲ್ಲ.

ಲಕ್ಕಯ್ಯ ಕೇಳದಿದ್ದರೂ ಒಂದು ಗ್ಲಾಸ್ ಟೀ ತಂದು ಕೈಗಿಟ್ಟ. ಬಹಳ ದಿನದಿಂದ ಹೇಳಬೇಕೆಂದು ತಡೆದುಕೊಂಡಿದ್ದವನಂತೆ ಪಕ್ಕದಲ್ಲಿ ಕೂತ.

"ಬೈಕಬ್ಯಾಡ ಮಾರಾಯ. ಐದು ತಿಂಗಳಿಂದ ನೋಡ್ತಾ ಇವ್ನಿ. ಆ ಹುಡ್ಗಿ ಪ್ರತಿ ಸಲ ಕಣ್ಣೊರೆಸ್ಕಂಡು ಬಸ್ ಹತ್ತುತ್ತೆ. ಮನೆಯೋರು ಒಪ್ತಾ ಇಲ್ವಾ? ಒಪ್ಪದಿದ್ರೆ ಬುಡು, ಮದ್ವೆ ಮಾಡ್ಕಂಬುಡಿ. ಎಲ್ಲಾದ್ರೂ ಒಂದು ಸಣ್ಣ ಮನೆ ನೋಡ್ಕಂಡು ಜೊತೇಲಿ ಇರ್ರೋ."

ಜಾಹಿದ್ ಟೀ ಗ್ಲಾಸನ್ನು ಪಕ್ಕಕ್ಕಿಟ್ಟ.

"ಮನೆ ಐತೆ ಲಕ್ಕಣ್ಣ" ಎಂದ. "ದೊಡ್ಡ ಮನೆ."